ನನಗೆ ಮೆಟ್ಟಿಲು ಬೇಡ, ಅವರಿಗೆ ಮೆಟ್ಟಿಲೇ ಬೇಕು: ಫುಟ್‌ಪಾತ್ ಯಾರ ಮಾತು ಕೇಳಬೇಕು?

ಪ್ರಶ್ನೆ: ನಾನು ವೀಲ್‌ಚೇರ್ ಬಳಸುತ್ತೇನೆ. ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ, ಬಿಳಿ ಕೋಲು ಹಿಡಿದು ಓಡಾಡುತ್ತಾರೆ. ನಮ್ಮ ರಸ್ತೆಯನ್ನು ಈಗ ಹೊಸದಾಗಿ ಮಾಡುತ್ತಿದ್ದಾರೆ. ಉದ್ದ ಸುಮಾರು 300 ಮೀಟರ್. ವಾಹನ ಓಡಾಡುವ ಭಾಗ 7 ಮೀಟರ್, ಎರಡೂ ಕಡೆ 1.8 ಮೀಟರ್ ಫುಟ್‌ಪಾತ್. ಒಂದು ತುದಿಯಲ್ಲಿ 14 ಮೀಟರ್ ಅಗಲದ ದೊಡ್ಡ ರಸ್ತೆ, ಅಲ್ಲಿ ಸಿಗ್ನಲ್ ಇದೆ. ನಕ್ಷೆ ತೋರಿಸಿ ನಮ್ಮ ಅಭಿಪ್ರಾಯ ಕೇಳಿದ್ದಾರೆ. ಇಂಜಿನಿಯರ್ ಎರಡು ದಾರಿ ಇಟ್ಟಿದ್ದಾರೆ. ಒಂದು, ವಾಹನ ಹತ್ತದ ಹಾಗೆ 20 ಸೆಂ.ಮೀ. ಎತ್ತರದ ಫುಟ್‌ಪಾತ್, ಮೂಲೆಗೊಂದು ರ‍್ಯಾಂಪ್. ಇನ್ನೊಂದು, ಫುಟ್‌ಪಾತ್ ರಸ್ತೆ ಎಲ್ಲ ಒಂದೇ ಮಟ್ಟ, ಅಂಚಿಗೆ ಬೇರೆ ಬಣ್ಣದ ಕಲ್ಲು. ಎರಡರಲ್ಲೂ ಉದ್ದಕ್ಕೂ ಕಾಲಿಗೆ, ಕೋಲಿಗೆ ತಗುಲುವ ಉಬ್ಬಿನ ಹಳದಿ ಟೈಲ್ಸ್, ಬೈಕ್ ನುಗ್ಗದಂತೆ ಕಂಬಗಳು. ನಾನು ಎರಡನೆಯದಕ್ಕೆ ಹೂಂ ಅಂದೆ. ಗಂಡ, "ಅದಾದರೆ ನಾನು ಮನೆಯಿಂದ ಹೊರಗೇ ಬರೋದಿಲ್ಲ" ಅಂದರು. ಎರಡು ದಿನದಿಂದ ಮನೆಯಲ್ಲಿ ಇದೇ ಜಗಳ. ಇಬ್ಬರಿಗೂ ಹೊಂದುವ ರಸ್ತೆ ನಿಜಕ್ಕೂ ಇದೆಯಾ, ಇಲ್ಲ ಒಬ್ಬರು ಸೋಲಲೇಬೇಕಾ?

ಉತ್ತರ: ಮೊದಲು ಜಗಳದ ತೀರ್ಪು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ಹೇಳಿದ್ದು ಸರಿ. ನೀವು ಹೇಳಿದ್ದೂ ಸರಿ. ತಪ್ಪಿರುವುದು ನಕ್ಷೆಯಲ್ಲಿ. ಇಡೀ 300 ಮೀಟರಿಗೆ ಒಂದೇ ಉತ್ತರ ಹುಡುಕಲು ಹೋಗಿದ್ದಾರೆ, ಒಂದೋ ಎಲ್ಲ ಕಡೆ ಎತ್ತರ, ಇಲ್ಲವೋ ಎಲ್ಲ ಕಡೆ ಸಮ. ನಿಮಗೆ ಸಮ ಬೇಕಾಗಿರುವುದು ರಸ್ತೆ ದಾಟುವ ನಾಲ್ಕಾರು ಜಾಗಗಳಲ್ಲಿ. ಅವರಿಗೆ ಅಂಚು ಬೇಕಾಗಿರುವುದು ಉಳಿದ ಉದ್ದಕ್ಕೆಲ್ಲ. ಈ ಎರಡೂ ಜಾಗ ಬೇರೆ ಬೇರೆ. ಕಷ್ಟ ಬರುವುದು ಇವೆರಡೂ ಸೇರುವ ಕಡೆ, ಅಂದರೆ ದಾಟುವ ಜಾಗದ ಬಾಯಿಯಲ್ಲಿ. ಆ ಒಂದು ಮೀಟರ್ ಜಾಗಕ್ಕೆ ತಲೆ ಕೆಡಿಸಿಕೊಂಡರೆ ಸಾಕು.

ಇಪ್ಪತ್ತು ವರ್ಷದಿಂದ ನಡೆಯುವವರ ರಸ್ತೆ ವಿನ್ಯಾಸ ಮಾಡುತ್ತಿದ್ದೇನೆ, ಈ ಜಗಳ ನನಗೆ ಹೊಸದಲ್ಲ. ಗಂಡ ಹೆಂಡತಿ ಮಧ್ಯೆ ನಡೆದದ್ದು ಮಾತ್ರ ಇದೇ ಮೊದಲು.

ಅವರ ಭಯದಿಂದಲೇ ಶುರು ಮಾಡೋಣ. ಕಣ್ಣು ಕಾಣದವರು ಕೋಲಿನಿಂದ ದಾರಿ "ಹುಡುಕುತ್ತಾರೆ" ಅಂತ ಕಾಣುವವರು ಅಂದುಕೊಂಡಿರುತ್ತಾರೆ. ಹಾಗಲ್ಲ. ಅವರು ಒಂದು ಅಂಚನ್ನು ಹಿಡಿದು ಹೋಗುತ್ತಾರೆ. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಫುಟ್‌ಪಾತಿನ ಕಟ್ಟೆಕಲ್ಲು. ಕೋಲಿನ ತುದಿ ಕೆಳಕ್ಕೆ ಜಾರಿದರೆ ಅಲ್ಲಿಗೆ ಫುಟ್‌ಪಾತ್ ಮುಗಿಯಿತು, ಮುಂದೆ ಬಸ್ಸು ಓಡಾಡುವ ಜಾಗ. ಆ ಜಾರುವಿಕೆಯೇ ಅವರಿಗೆ ಕೆಂಪು ದೀಪ. ಅದನ್ನು ತೆಗೆದುಬಿಟ್ಟು ಬೇರೆ ಬಣ್ಣದ ಕಲ್ಲು ಹಾಕುತ್ತೇವೆ ಅಂದರೆ, ಪೂರ್ತಿ ಕುರುಡಿರುವವರಿಗೆ ಅದು ಇದ್ದೂ ಇಲ್ಲದ ಹಾಗೆ.

ಎಷ್ಟು ಎತ್ತರ ಇದ್ದರೆ ಅಂಚು ಗೊತ್ತಾಗುತ್ತದೆ? 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನು ಪ್ರಯೋಗಶಾಲೆಯಲ್ಲಿ ಬೇರೆ ಬೇರೆ ಎತ್ತರದ ಕಟ್ಟೆ ಇಟ್ಟು, ಕಣ್ಣು ಕಾಣದವರನ್ನು ನಡೆಸಿ ನೋಡಿದರು. 6 ಸೆಂ.ಮೀ. ಮತ್ತು ಅದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಭರವಸೆಯಿಂದ ಗೊತ್ತಾಯಿತು. ಈ 6 ಅನ್ನೋ ಸಂಖ್ಯೆ ನೆನಪಿಡಿ. ಯಾಕೆಂದರೆ ನಿಮ್ಮ ಇಂಜಿನಿಯರ್ ಹೇಳುತ್ತಿರುವುದು 20. ನಿಮ್ಮ ಯಜಮಾನರಿಗೆ 20 ಬೇಡವೇ ಬೇಡ.

ಈಗ ನಿಮ್ಮ ಕಡೆಯದು. 20 ಸೆಂ.ಮೀ. ಕಟ್ಟೆಗೆ ರ‍್ಯಾಂಪ್ ಹಾಕುತ್ತೇವೆ ಅಂತ ನಕ್ಷೆಯಲ್ಲಿ ಬರೆದಿದ್ದಾರೆ ಅಲ್ವಾ, ಒಂದು ಚೂರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಬಹಳ ಕಡೆ ಒಪ್ಪಿಕೊಂಡಿರುವ ಗರಿಷ್ಠ ಇಳಿಜಾರು 1ಕ್ಕೆ 12. ಅಂದರೆ 1 ಸೆಂ.ಮೀ. ಏರೋದಕ್ಕೆ 12 ಸೆಂ.ಮೀ. ಉದ್ದ ಬೇಕು. 20ಕ್ಕೆ 240. ನಿಮ್ಮ ಫುಟ್‌ಪಾತ್ ಇರುವುದೇ 180! ರ‍್ಯಾಂಪ್ ಹಿಡಿಸುವುದೇ ಇಲ್ಲ. ಆಮೇಲೆ ಕಂಟ್ರಾಕ್ಟರ್ ಏನು ಮಾಡುತ್ತಾರೆ ಗೊತ್ತಾ? ಕಡಿದಾಗಿ, 1ಕ್ಕೆ 6 ಅಥವಾ 7ರ ಲೆಕ್ಕದಲ್ಲಿ ಒಂದು ಸಿಮೆಂಟ್ ದಿಬ್ಬ ಮೆತ್ತಿ ಹೋಗುತ್ತಾರೆ. ಫೋಟೋದಲ್ಲಿ ರ‍್ಯಾಂಪ್ ಇರುತ್ತದೆ. ನೀವು ಹತ್ತಲು ಹೋದರೆ ಗಾಡಿ ಹಿಂದಕ್ಕೆ ವಾಲುತ್ತದೆ. ಹಿಂದಿನಿಂದ ತಳ್ಳುವವರಿದ್ದರೂ ಏದುಸಿರು. ಇನ್ನು ಮಂಡಿನೋವಿರುವ ವಯಸ್ಸಾದವರಿಗೆ 20 ಸೆಂ.ಮೀ. ಅಂದರೆ ಮನೆಯ ಮೆಟ್ಟಿಲಿಗಿಂತ ಜಾಸ್ತಿ, ಹಿಡಿದುಕೊಳ್ಳಲು ಏನೂ ಇಲ್ಲದೆ. ಅವರು ಸುಮ್ನೆ ರಸ್ತೆಯಲ್ಲೇ ನಡೆಯುತ್ತಾರೆ. "ಫುಟ್‌ಪಾತ್ ಮಾಡಿಕೊಟ್ಟರೂ ಜನ ರಸ್ತೆಯಲ್ಲೇ ನಡೀತಾರೆ" ಅಂತ ಗೊಣಗುವವರು ಒಮ್ಮೆ ಆ ಕಟ್ಟೆಯ ಎತ್ತರ ಅಳೆಯಬೇಕು.

ಅದನ್ನು 10 ಸೆಂ.ಮೀ.ಗೆ ಇಳಿಸಿ ನೋಡಿ. ರ‍್ಯಾಂಪ್ 120 ಆಯಿತು. ಅಂಚು ಇನ್ನೂ 6ಕ್ಕಿಂತ ಎತ್ತರವೇ ಇದೆ, ಕೋಲಿಗೆ ಸಿಗುತ್ತದೆ. ಆದರೆ ಇಲ್ಲಿಗೇ ಖುಷಿಪಡಬೇಡಿ. 180ರಲ್ಲಿ 120 ರ‍್ಯಾಂಪಿಗೆ ಹೋದರೆ ಮೇಲೆ ಉಳಿಯುವುದು 60. ರ‍್ಯಾಂಪ್ ಹತ್ತಿದ ಮೇಲೆ ಗಾಡಿ ತಿರುಗಿಸಲು ಸಮತಟ್ಟಾದ ಜಾಗ ಬೇಕು, ಕನಿಷ್ಠ 120 ಉದ್ದ 120 ಅಗಲ. ಅದಿಲ್ಲದಿದ್ದರೆ ಇಳಿಜಾರಿನ ಮೇಲೇ ತಿರುಗಬೇಕು, ಮುಂದಿನ ಪುಟ್ಟ ಚಕ್ರ ಒಂದು ಕಡೆ ಎಳೆಯುತ್ತದೆ, ಒಂದು ಹಿಂಚಕ್ರ ಗಾಳಿಯಲ್ಲಿ. ಅನುಭವ ನಿಮಗೇ ಇರುತ್ತದೆ, ನಾನು ವರ್ಣಿಸಬೇಕಾಗಿಲ್ಲ.

ಹಾಗಾದರೆ ದಾರಿ ಏನು? ಮೂರು ಇವೆ, ಮೂರಕ್ಕೂ ಅದರದೇ ಅಪಾಯ ಇದೆ.

ಮೊದಲನೆಯದು, ದಾಟುವ ಜಾಗದ ಹತ್ತಿರ ಇಡೀ ಫುಟ್‌ಪಾತನ್ನೇ ಎರಡೂ ಕಡೆಯಿಂದ ಮೆಲ್ಲಗೆ ಇಳಿಸಿಕೊಂಡು ಬರುವುದು. ಕಿರಿದಾದ ಫುಟ್‌ಪಾತಿಗೆ ಇದು ಹೊಂದುತ್ತದೆ. ತೊಂದರೆ ಏನಂದರೆ, ದಾಟುವ ಉದ್ದೇಶವೇ ಇಲ್ಲದವರೂ ಇಳಿದು ಹತ್ತಬೇಕು. ತಗ್ಗಿನ ಜಾಗದಲ್ಲಿ ಮಳೆನೀರು ನಿಲ್ಲುತ್ತದೆ. ಜೊತೆಗೆ ನೇರ ಹೋಗುತ್ತಿರುವ ನಿಮ್ಮ ಯಜಮಾನರು ಗೊತ್ತಿಲ್ಲದೆ ಆ ತಗ್ಗಿಗೆ ಬಂದಾಗ ಅಂಚು ಮಾಯವಾಗಿರುತ್ತದೆ.

ಎರಡನೆಯದು, ದಾಟುವ ಜಾಗದಲ್ಲಿ ಫುಟ್‌ಪಾತನ್ನು ರಸ್ತೆಯ ಕಡೆಗೆ ಹೊಟ್ಟೆಯ ಹಾಗೆ ಉಬ್ಬಿಸುವುದು. ಪಾರ್ಕಿಂಗ್ ಇರುವ ರಸ್ತೆಯಲ್ಲಿ ಇದು ಭಾರೀ ಉಪಯೋಗ. ರ‍್ಯಾಂಪಿಗೂ ಜಾಗ, ಮೇಲೆ ತಿರುಗಲೂ ಜಾಗ, ದಾಟುವ ಅಗಲವೂ ಕಡಿಮೆ. ಇನ್ನೊಂದು ಲಾಭವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ವೀಲ್‌ಚೇರ್‌ನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ನಿಂತ ಕಾರಿನ ಹಿಂದೆ ನೀವು ಬರುವುದು ಡ್ರೈವರಿಗೆ ಕಾಣುವುದೇ ಇಲ್ಲ, ನಿಮಗೂ ಅವರು ಕಾಣುವುದಿಲ್ಲ. ಫುಟ್‌ಪಾತ್ ಮುಂದಕ್ಕೆ ಬಂದರೆ ಇಬ್ಬರಿಗೂ ಮುಖ ಕಾಣುತ್ತದೆ. ಆದರೆ ಪಾರ್ಕಿಂಗ್ ಹೋಗುತ್ತದೆ ಅಂತ ಕೂಗು ಏಳುತ್ತದೆ. 7 ಮೀಟರಿನಲ್ಲಿ ಎರಡೂ ಕಡೆ ಉಬ್ಬಿಸಿದರೆ ಲಾರಿ, ಬಸ್ಸು ತಿರುಗುವ ಲೆಕ್ಕವನ್ನೂ ನೋಡಬೇಕು.

ಮೂರನೆಯದು ನನ್ನ ಆಯ್ಕೆ. ಫುಟ್‌ಪಾತನ್ನು ರಸ್ತೆಗೆ ಇಳಿಸುವ ಬದಲು, ದಾಟುವ ಜಾಗದಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು. ಮೇಲೆ ಚಪ್ಪಟೆ ಇರುವ ಅಗಲವಾದ ಹಂಪ್ ಅಂದುಕೊಳ್ಳಿ. ಹತ್ತಿ ಇಳಿಯುವ ಕೆಲಸ ವಾಹನಕ್ಕೆ, ನಿಮಗಲ್ಲ. ಕಟ್ಟೆ 10 ಸೆಂ.ಮೀ. ಇದ್ದರೆ ಈ ವೇದಿಕೆಯೂ 10 ಸೆಂ.ಮೀ., ವಾಹನ ನಿಧಾನವಾಗಲು ಅಷ್ಟು ಎತ್ತರ ಸಾಕು. ನಿಮಗೆ ರ‍್ಯಾಂಪೇ ಬೇಡ. 20 ಸೆಂ.ಮೀ. ಕಟ್ಟೆಗೆ ಈ ಉಪಾಯ ನಡೆಯುವುದಿಲ್ಲ, ಕಾರಿನ ಹೊಟ್ಟೆ ಉಜ್ಜುತ್ತದೆ. ಇದರ ಅಪಾಯವೂ ಕೇಳಿ. ಅಂಚಿನಲ್ಲಿ ಹರಿಯುವ ಮಳೆನೀರಿಗೆ ಅಡ್ಡ ಕಟ್ಟೆ ಕಟ್ಟಿದ ಹಾಗಾಗುತ್ತದೆ, ಆದ್ದರಿಂದ ವೇದಿಕೆಗಿಂತ ಮುಂಚೆ, ನೀರು ಹರಿದು ಬರುವ ಕಡೆ, ನೀರು ಇಳಿಯುವ ಜಾಲರಿ ಬೇಕೇ ಬೇಕು. ಮತ್ತೆ, ಇಲ್ಲಿ ಫುಟ್‌ಪಾತ್ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಅಂತ ಕಾಲಿಗೂ ಕೋಲಿಗೂ ಗೊತ್ತಾಗುವುದಿಲ್ಲ. ನಿಮ್ಮ ಜಗಳ ಪುಟ್ಟದಾಗಿ ಇಲ್ಲೇ ಬಂದು ಕೂತಿತು ನೋಡಿ.

ಈ ಜಗಳಕ್ಕೆ ಜಪಾನಿನಲ್ಲಿ ಒಂದು ರಾಜಿ ಇದೆ. ದಾಟುವ ಜಾಗದಲ್ಲಿ ಫುಟ್‌ಪಾತಿಗೂ ರಸ್ತೆಗೂ ಮಧ್ಯೆ 2 ಸೆಂ.ಮೀ. ಮೆಟ್ಟಿಲು ಉಳಿಸುವುದು ಅಲ್ಲಿನ ಸಾಮಾನ್ಯ ಅಳತೆ. ಕೋಲಿಗೆ ಸ್ವಲ್ಪ ತಗುಲುತ್ತದೆ, ಚಕ್ರ ಕಷ್ಟಪಟ್ಟು ದಾಟುತ್ತದೆ. ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. ಮೆಟ್ಟಿಲು ಪೂರ್ತಿ ಬೇಡ, ತೀರಾ ಅಂದರೆ 6 ಮಿ.ಮೀ., ಅಂಚು ತಿಳಿಸುವ ಕೆಲಸವನ್ನು ಉಬ್ಬು ಚುಕ್ಕಿ ಟೈಲ್ಸ್ ಮಾಡಲಿ ಅಂದರು. ನನ್ನ ಒಲವು ಈ ಎರಡನೆಯದಕ್ಕೆ. 2 ಸೆಂ.ಮೀ. ಅಂದರೆ ಎರಡು ಬೆರಳು ಜೋಡಿಸಿದಷ್ಟೂ ಇಲ್ಲ ಅನ್ನಬಹುದು. ಆದರೆ ವೀಲ್‌ಚೇರಿನ ಮುಂದಿನ ಚಕ್ರ ಎಷ್ಟು ಚಿಕ್ಕದು ನೋಡಿ. ಓಡುತ್ತಾ ಬಂದು ಅಷ್ಟಕ್ಕೇ ತಡೆದು ನಿಂತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ.

ಹಾಗಾಗಿ ಟೈಲ್ಸ್ ವಿಷಯ. ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಟೈಲ್ಸ್ ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ, 1965ರಲ್ಲಿ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಸ್ನೇಹಿತನಿಗಾಗಿ. 1967ರಲ್ಲಿ ಒಕಯಾಮಾ ಊರಿನಲ್ಲಿ, ಅಂಧರ ಶಾಲೆಯ ಹತ್ತಿರದ ದಾಟುಜಾಗದಲ್ಲಿ ಮೊದಲ ಸಲ ಹಾಕಿದರು. ಅದರ ಭಾಷೆಯಲ್ಲಿ ಇರುವುದು ಎರಡೇ ಪದ. ಚುಕ್ಕಿ ಅಂದರೆ "ನಿಲ್ಲು, ಗಮನಿಸು". ಉದ್ದ ಗೆರೆ ಅಂದರೆ "ಈ ಕಡೆ ಹೋಗು". ಇಷ್ಟೇ. ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಕಡೆ ಗೆರೆ ಟೈಲ್ಸ್ ಮುಗಿದು ಹೋಗಿದ್ದವು, ಕಂಟ್ರಾಕ್ಟರ್ ಉಳಿದ 40 ಮೀಟರಿಗೆ ಚುಕ್ಕಿ ಟೈಲ್ಸೇ ಹಾಕಿಸಿದ್ದರು. ಮೇಸ್ತ್ರಿಯನ್ನು ಕೇಳಿದರೆ "ಎರಡೂ ಹಳದಿನೇ ಅಲ್ವಾ ಸರ್" ಅಂದರು. ಕಾಣುವವರಿಗೆ ಹಳದಿ. ಕಾಲಿನಿಂದ ಓದುವವರಿಗೆ ಅದು 40 ಮೀಟರ್ ಉದ್ದಕ್ಕೆ "ನಿಲ್ಲು, ನಿಲ್ಲು, ನಿಲ್ಲು". ಇನ್ನೊಂದು ಕಡೆ ಗೆರೆ ಟೈಲ್ಸ್ ನೇರವಾಗಿ ಹೋಗಿ ಕರೆಂಟ್ ಕಂಬಕ್ಕೆ ಹಣೆ ಹಚ್ಚಿತ್ತು. ಅದನ್ನು ನಂಬಿ ಹೋದವರ ಹಣೆಯ ಗತಿ ಹೇಳಬೇಕಾಗಿಲ್ಲ.

"ಉದ್ದಕ್ಕೂ ಟೈಲ್ಸ್ ಹಾಕಿದರೆ ಅಂಧರಿಗೆ ಅನುಕೂಲ" ಅನ್ನುವುದೂ ಪೂರ್ತಿ ನಿಜ ಅಲ್ಲ. ನಿಮ್ಮ ರಸ್ತೆಯಲ್ಲಿ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಟ್ಟೆ ಎರಡೂ ಚೆನ್ನಾಗಿದ್ದರೆ ನಿಮ್ಮ ಯಜಮಾನರಿಗೆ ಮಧ್ಯದ ಗೆರೆ ಬೇಕಾಗುವುದೇ ಕಡಿಮೆ. ಅವರನ್ನೇ ಕೇಳಿ. ಗೆರೆ ಬೇಕಾಗುವುದು ಹಿಡಿಯಲು ಅಂಚೇ ಇಲ್ಲದ ಕಡೆ: ದೊಡ್ಡ ಬಯಲು ಜಾಗ, ಬಸ್ ನಿಲ್ದಾಣದ ಅಂಗಳ, ಗೋಡೆ ಒಮ್ಮೆಲೇ ಹಿಂದಕ್ಕೆ ಸರಿದ ಜಾಗ. 1.8 ಮೀಟರ್ ಫುಟ್‌ಪಾತಿನ ನಡುವೆ ಉಬ್ಬು ಗೆರೆ ಹಾಕಿದರೆ ನಿಮ್ಮ ಗಾಡಿಯ ಒಂದು ಚಕ್ರ ಸದಾ ಅದರ ಮೇಲೇ. ಆ ಉಬ್ಬು 4-5 ಮಿ.ಮೀ. ಅಷ್ಟೇ, ಆದರೆ ಬೆನ್ನುಹುರಿಗೆ ಪೆಟ್ಟಾದವರಿಗೆ, ವಾಕರ್ ಹಿಡಿದವರಿಗೆ, ಪಾದ ಎತ್ತಿ ಇಡಲಾಗದವರಿಗೆ 300 ಮೀಟರ್ ಉದ್ದ ಅದು ಹಿಂಸೆ. ಗೆರೆ ಹಾಕುವುದೇ ಆದರೆ ಅದರ ಎರಡೂ ಬದಿ 60 ಸೆಂ.ಮೀ. ಖಾಲಿ ಇರಬೇಕು, ಇಲ್ಲದಿದ್ದರೆ ಭುಜ ಕಂಬಕ್ಕೆ ತಗುಲುತ್ತದೆ.

ಚುಕ್ಕಿ ಮಾತ್ರ ದಾಟುವ ಪ್ರತಿ ಜಾಗದಲ್ಲೂ ಬೇಕು, ತಪ್ಪಿಸುವ ಹಾಗಿಲ್ಲ. ದಾಟುವ ಬಾಯಿಯ ಪೂರ್ತಿ ಅಗಲಕ್ಕೆ, ನಡೆಯುವ ದಿಕ್ಕಿನಲ್ಲಿ ಕನಿಷ್ಠ 60 ಸೆಂ.ಮೀ. ಆಳಕ್ಕೆ. 30 ಸೆಂ.ಮೀ.ಯ ಒಂದೇ ಸಾಲು ಹಾಕಿ ಉಳಿಸುತ್ತೇವೆ ಅಂತ ಹೇಳುವವರು ಇದ್ದಾರೆ. ಬೇಗ ನಡೆಯುವವರ ಹೆಜ್ಜೆ ಅದನ್ನು ಹಾರಿಯೇ ಹೋಗುತ್ತದೆ, ಪಾದಕ್ಕೆ ತಗಲುವುದೇ ಇಲ್ಲ. ಮತ್ತೆ ಬಣ್ಣ ಸುಮ್ನೆ ಶೋಕಿಗಲ್ಲ. ದೃಷ್ಟಿದೋಷ ಇರುವ ಜಾಸ್ತಿ ಜನರಿಗೆ ಸ್ವಲ್ಪವಾದರೂ ಕಾಣುತ್ತದೆ, ಕಡು ಬೂದು ನೆಲದ ಮೇಲೆ ಹಳದಿ ಅವರಿಗೆ ದೂರದಿಂದಲೇ ಸಿಗುತ್ತದೆ. ನೋಡಲು ಚೆಂದ ಇರಲಿ ಅಂತ ನೆಲದ ಬಣ್ಣವೇ ಟೈಲಿಗೂ ಕೊಡಿಸುವ ವಾಸ್ತುಶಿಲ್ಪಿಗಳ ಜೊತೆ ನಾನು ಬೇಕಾದಷ್ಟು ಸಲ ಜಗಳ ಆಡಿದ್ದೇನೆ. ಗೆದ್ದದ್ದು ಕಡಿಮೆ.

ನನ್ನ ತಪ್ಪನ್ನೂ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ನಕ್ಷೆಯಲ್ಲಿ "ಮೂಲೆಗೊಂದು ರ‍್ಯಾಂಪ್" ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡಿದ್ದೆ. ಎರಡು ರಸ್ತೆ ಸೇರುವ ಮೂಲೆಯಲ್ಲಿ ಒಂದೇ ರ‍್ಯಾಂಪ್, ಓರೆಯಾಗಿ. ಒಂದರಲ್ಲಿ ಎರಡು ಕಡೆಗೂ ದಾಟಬಹುದು, ಸಿಮೆಂಟೂ ಉಳಿಯಿತು ಅಂತ ಹೆಮ್ಮೆ ಬೇರೆ. ಕೆಲಸ ಮುಗಿದ ಮೇಲೆ ಒಬ್ಬರು ಹಿರಿಯರು ಕೋಲು ಹಿಡಿದು ಬಂದರು. ರ‍್ಯಾಂಪ್ ಸಿಕ್ಕಿತು, ಅದರ ಇಳಿಜಾರು ತೋರಿದ ದಿಕ್ಕಿಗೆ ನೇರ ಹೆಜ್ಜೆ ಹಾಕಿದರು. ಆ ದಿಕ್ಕು ಇದ್ದದ್ದು ಜಂಕ್ಷನ್ನಿನ ನಟ್ಟನಡುವಿಗೆ. ನಾನು ಓಡಿ ಹೋಗಿ ಅವರ ಮೊಣಕೈ ಹಿಡಿದೆ. "ಇದೇನಪ್ಪಾ, ಇಳಿಜಾರು ಹೀಗೆ ತಿರುಗಿದೆ?" ಅಂದರು, ಸಿಟ್ಟಿಲ್ಲದೆ. ಅಂದಿನಿಂದ ಮೂಲೆಗೆ ಒಂದು ರ‍್ಯಾಂಪ್ ನಾನು ಬರೆದಿಲ್ಲ. ಎರಡು ಬೇಕು, ಪ್ರತಿಯೊಂದೂ ತನ್ನ ಎದುರಿನ ದಾಟುಜಾಗಕ್ಕೆ ನೇರವಾಗಿ ಮುಖ ಮಾಡಿರಬೇಕು. ವೀಲ್‌ಚೇರಿಗೂ ಓರೆ ರ‍್ಯಾಂಪ್ ಕೆಟ್ಟದ್ದೇ, ಇಳಿದ ತಕ್ಷಣ ವಾಹನಗಳ ಬಾಯಿಯಲ್ಲಿ ನಿಂತು ತಿರುಗಬೇಕು.

ನೀವು ಹೂಂ ಅಂದ ಆ ಎಲ್ಲ ಸಮತಟ್ಟು ರಸ್ತೆಯ ಬಗ್ಗೆ ಇನ್ನೊಂದು ಮಾತು. ಅದು ನೋಡಲು ಚೆಂದ. ಅದರ ಹಿಂದಿನ ವಿಚಾರ ಏನಂದರೆ, ಕಟ್ಟೆ, ಗೆರೆ ಎಲ್ಲ ತೆಗೆದುಬಿಟ್ಟರೆ ಡ್ರೈವರೂ ನಡೆಯುವವರೂ ಒಬ್ಬರನ್ನೊಬ್ಬರು ನೋಡಿಕೊಂಡು, ಕಣ್ಣಲ್ಲೇ ಮಾತಾಡಿಕೊಂಡು ದಾರಿ ಬಿಡುತ್ತಾರೆ. ಕಣ್ಣಲ್ಲಿ! ನಿಮ್ಮ ಯಜಮಾನರು ಏನು ಮಾಡಬೇಕು? ಈಗ ಸದ್ದಿಲ್ಲದ ಎಲೆಕ್ಟ್ರಿಕ್ ಗಾಡಿಗಳೂ ಬಂದಿವೆ, ಕಿವಿಗೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ ಇಂಥ ರಸ್ತೆಗಳ ಬಗ್ಗೆ ದೃಷ್ಟಿ ಇಲ್ಲದವರಿಂದ ದೂರು ಮೇಲೆ ದೂರು ಬಂದು, 2018ರಲ್ಲಿ ಅಲ್ಲಿನ ಸರ್ಕಾರವೇ ಹೊಸ ಸಮತಟ್ಟು ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸಿ ಅಂತ ಸ್ಥಳೀಯ ಆಡಳಿತಗಳಿಗೆ ಕೇಳಿಕೊಂಡಿತು. ವಾಹನವೇ ಬರದ, ಬಂದರೂ ನಡಿಗೆಯ ವೇಗದಲ್ಲಿ ಬರುವ ಓಣಿಗೆ ಇದು ಸರಿ. ಬಸ್ಸು, ಬೈಕು ಓಡಾಡುವ 7 ಮೀಟರ್ ರಸ್ತೆಗೆ ಬೇಡ.

ಕಂಬಗಳಿಗೆ ಬರೋಣ. "ಬೈಕ್ ನುಗ್ಗಬಾರದು, ವೀಲ್‌ಚೇರ್ ಹೋಗಬೇಕು" ಅಂತ ಅಂತರ ಲೆಕ್ಕ ಹಾಕಲು ಎಲ್ಲರೂ ಕೂರುತ್ತಾರೆ. ಅಂಥ ಅಂತರ ಇಲ್ಲ. ಬೈಕಿನ ಹ್ಯಾಂಡಲ್ಲಿನ ಅಗಲಕ್ಕೂ ನಿಮ್ಮ ಗಾಡಿಯ ಅಗಲಕ್ಕೂ ವ್ಯತ್ಯಾಸ ತೀರಾ ಕಡಿಮೆ. ಗಾಡಿಗೆ, ಚಕ್ರ ತಿರುಗಿಸುವ ನಿಮ್ಮ ಎರಡು ಕೈಗೆ ಸೇರಿ ಕಡೇ ಪಕ್ಷ 90 ಸೆಂ.ಮೀ. ಬೇಕು. ಅಷ್ಟರಲ್ಲಿ ಬೈಕ್ ಆರಾಮಾಗಿ ನುಗ್ಗುತ್ತದೆ. ಬೈಕ್ ತಡೆಯುವಷ್ಟು ಹತ್ತಿರ ಹತ್ತಿರ ಕಂಬ ನೆಟ್ಟರೆ ಮೊದಲು ನಿಲ್ಲುವವರು ನೀವು, ಬೈಕಿನವರು ಬೇರೆ ಸಂದಿ ಹುಡುಕುತ್ತಾರೆ. ಕಂಬ ಕಾರು ತಡೆಯಲು ಅಂತ ಒಪ್ಪಿಕೊಂಡು 1.2 ಮೀಟರ್ ಅಂತರ ಬಿಡಿಸಿ. ಕಾರು ಅಷ್ಟರಲ್ಲಿ ತೂರುವುದಿಲ್ಲ. ಕಂಬ ಸೊಂಟದ ಎತ್ತರ ಇರಲಿ, ತುದಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಇರಲಿ. ಮೊಣಕಾಲೆತ್ತರದ ಕಲ್ಲುಗುಂಡು ಇಡಬೇಡಿ, ಎಷ್ಟು ಜನರ ಮಂಡಿಚಿಪ್ಪಿಗೆ ಅದು ಬಡಿದಿದೆಯೋ. ಕಂಬಗಳ ನಡುವೆ ಸರಪಳಿ ಅಂತೂ ಬೇಡವೇ ಬೇಡ. ಕೋಲು ಅದರ ಕೆಳಗೆ ಹಾದು ಹೋಗುತ್ತದೆ, ದೇಹ ಸಿಕ್ಕಿಕೊಳ್ಳುತ್ತದೆ. ಬೈಕ್ ಸಮಸ್ಯೆ ದಂಡದಿಂದ, ರಸ್ತೆಯಲ್ಲಿ ಟ್ರಾಫಿಕ್ ಸರಾಗ ಮಾಡುವುದರಿಂದ ಬಗೆಹರಿಯಬೇಕು. ಕಂಬದಿಂದ ಅಲ್ಲ.

ಸರಪಳಿಗೆ ಹೇಳಿದ ಮಾತೇ ಗಾಳಿಯಲ್ಲಿ ಚಾಚಿಕೊಂಡ ಎಲ್ಲದಕ್ಕೂ. ಕೋಲು ನೆಲವನ್ನು ಓದುತ್ತದೆ, ಎದೆಯನ್ನಲ್ಲ. ಮಂಡಿಗಿಂತ ಮೇಲೆ ಗೋಡೆಯಿಂದ 10 ಸೆಂ.ಮೀ.ಗಿಂತ ಹೊರಗೆ ಚಾಚಿದ ಪೆಟ್ಟಿಗೆ, ಬೋರ್ಡು, ಕಿಟಕಿ ಬಾಗಿಲು ಎಲ್ಲ ಅಪಾಯ. ತಲೆ ಎತ್ತರಕ್ಕೆ 2.1 ಮೀಟರ್ ಆದರೂ ಖಾಲಿ ಇರಬೇಕು, ಮರದ ಕೊಂಬೆ ಸೇರಿ. ನಿಮ್ಮ 1.8 ಮೀಟರಿನಲ್ಲಿ ಮರ, ಕಂಬ, ಡಬ್ಬಿ ಎಲ್ಲ ರಸ್ತೆಯ ಬದಿಯ 50-60 ಸೆಂ.ಮೀ. ಪಟ್ಟಿಗೆ ಒಂದೇ ಸಾಲಿನಲ್ಲಿ ಸೇರಲಿ. ಉಳಿದ 1.2 ಮೀಟರ್ ತುದಿಯಿಂದ ತುದಿಗೆ ನೇರವಾಗಿ, ಒಂದು ಸ್ಟ್ಯಾಂಡ್ ಬೋರ್ಡೂ ಇಲ್ಲದೆ ಇರಲಿ. ಎದುರು ಬದುರು ಎರಡು ವೀಲ್‌ಚೇರ್ ಬಂದರೆ ಒಂದು ಸರಿದು ನಿಲ್ಲಲು ಅಲ್ಲಲ್ಲಿ 1.5 ಮೀಟರ್ ಅಗಲ ಸಿಗುವ ಹಾಗೆ ನೋಡಿ. ಕೈಭಾಷೆಯಲ್ಲಿ ಮಾತಾಡುವ ಇಬ್ಬರು ಕಿವುಡರೂ ಪಕ್ಕಪಕ್ಕ ನಡೆಯಬೇಕಲ್ಲ, ಒಬ್ಬರ ಹಿಂದೆ ಒಬ್ಬರು ನಡೆದರೆ ಮಾತೇ ನಿಂತುಹೋಗುತ್ತದೆ.

ನಕ್ಷೆಯಲ್ಲಿ ಯಾರೂ ನೋಡದ ಒಂದು ಸಂಖ್ಯೆ ಅಡ್ಡ ಇಳಿಜಾರು. ನೀರು ಹರಿಯಲಿ ಅಂತ ಫುಟ್‌ಪಾತನ್ನು ರಸ್ತೆಯ ಕಡೆ ಸ್ವಲ್ಪ ವಾಲಿಸುತ್ತಾರೆ. 2 ಪರ್ಸೆಂಟ್ ಸಾಕು, ನಿಮ್ಮ ಅಗಲಕ್ಕೆ 3.6 ಸೆಂ.ಮೀ. ಅದಕ್ಕಿಂತ ಜಾಸ್ತಿಯಾದರೆ ಗಾಡಿ ತಾನಾಗೇ ರಸ್ತೆ ಕಡೆಗೆ ಎಳೆಯುತ್ತದೆ, ನೇರ ಹೋಗಲು ನೀವು ಒಂದೇ ಕೈಯಲ್ಲಿ ಹೊಡೆದಾಡಬೇಕು. ಜಾಸ್ತಿ ಆಗುವುದು ಮನೆಗಳ ಗೇಟಿನ ಮುಂದೆ, ಕಾರು ಹತ್ತಲಿ ಅಂತ ಇಡೀ ಫುಟ್‌ಪಾತನ್ನೇ ಕೆಳಗೆ ಮಾಡಿರುತ್ತಾರೆ. 300 ಮೀಟರಿನಲ್ಲಿ ಮೂವತ್ತು ಗೇಟಿದ್ದರೆ ಮೂವತ್ತು ಅಲೆ. ಫುಟ್‌ಪಾತ್ ಮಟ್ಟ ಹಾಗೇ ಇರಲಿ, ಕಾರು ಹತ್ತುವ ಇಳಿಜಾರು ಆ ಮರ ಕಂಬದ ಪಟ್ಟಿಯೊಳಗೇ ಮುಗಿಯಲಿ. 10 ಸೆಂ.ಮೀ. ಕಟ್ಟೆಗೆ ಅಷ್ಟು ಜಾಗ ಸಾಕಾಗುತ್ತದೆ. ಇದನ್ನು ಪರೀಕ್ಷೆ ಮಾಡಲು ಇಂಜಿನಿಯರ್ ಬೇಕಾಗಿಲ್ಲ. ಒಂದು ಮೀಟರಿನ ನೇರ ಪಟ್ಟಿ, ಅದರ ಮೇಲೆ ಮೇಸ್ತ್ರಿಯ ರಸಮಟ್ಟ. ಗುಳ್ಳೆ ಮಧ್ಯಕ್ಕೆ ಬಂದಾಗ ಪಟ್ಟಿಯ ತುದಿಗೂ ನೆಲಕ್ಕೂ 2 ಸೆಂ.ಮೀ. ಸಂದಿ ಇರಬೇಕು. 4 ಇದ್ದರೆ ಒಡೆಸಿ.

ಸಿಗ್ನಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ದಾಟಲು ಕೊಡುವ ಸಮಯವನ್ನು ಬಹಳ ಕಾಲ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಲೆಕ್ಕ ಹಾಕುತ್ತಿದ್ದರು. ಅಮೆರಿಕದವರು 2009ರಲ್ಲಿ ಅದನ್ನು 1.07ಕ್ಕೆ ಇಳಿಸಿದರು. ವಯಸ್ಸಾದವರು, ವಾಕರ್ ಹಿಡಿದವರು ಇರುವ ಕಡೆ 0.9 ಹಿಡಿಯುವುದು ಒಳ್ಳೆಯದು. 14 ಮೀಟರಿಗೆ 1.2ರ ಲೆಕ್ಕದಲ್ಲಿ 12 ಸೆಕೆಂಡ್ ಸಿಗುತ್ತದೆ, 0.9ರಲ್ಲಿ 16. ಆ ನಾಲ್ಕು ಸೆಕೆಂಡಿನಲ್ಲೇ ಜನ ನಡುರಸ್ತೆಯಲ್ಲಿ ಸಿಕ್ಕಿಬೀಳುವುದು. ಮಧ್ಯೆ ಡಿವೈಡರ್ ಇದ್ದರೆ ದಾಟುವ ಕಡೆ 1.8 ಮೀಟರ್ ಆಳ ಇರಲಿ, ನೀವೂ ನಿಮ್ಮನ್ನು ತಳ್ಳುವವರೂ ಸೇರಿ ನಿಲ್ಲಲು. ಯಜಮಾನರಿಗೆ ಸದ್ದು ಮಾಡುವ ಸಿಗ್ನಲ್ ಕೇಳಿ: ಕಂಬ ಎಲ್ಲಿದೆ ಅಂತ ತಿಳಿಸುವ ನಿಧಾನದ ಟಿಕ್ ಟಿಕ್, ದಾಟಬಹುದು ಅಂದಾಗ ವೇಗದ ಟಿಕ್ ಟಿಕ್. ಹಕ್ಕಿ ಕೂಗಿನ ಸಿಗ್ನಲ್ಲೂ ಇವೆ, ಆದರೆ ಹಕ್ಕಿಗಳೇ ಅದನ್ನು ಅನುಕರಿಸಿ ಗೊಂದಲ ಮಾಡುತ್ತವೆ, ಯಾವ ಕೂಗು ಯಾವ ದಿಕ್ಕಿಗೆ ಅಂತಲೂ ಜನ ಮರೆಯುತ್ತಾರೆ. ಸದ್ದಿಗೆ ಪಕ್ಕದ ಮನೆಯವರ ತಕರಾರು ಬಂದೇ ಬರುತ್ತದೆ. ಸುತ್ತಲಿನ ಗದ್ದಲಕ್ಕೆ ತಕ್ಕಂತೆ ತಾನೇ ಏರಿಳಿಯುವ ಪೆಟ್ಟಿಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಸದ್ದೇ ಇಲ್ಲದ ಉಪಾಯವೊಂದಿದೆ, ಗುಂಡಿ ಒತ್ತುವ ಪೆಟ್ಟಿಗೆಯ ಕೆಳಗೆ ಪುಟ್ಟದೊಂದು ಶಂಕು ಇರುತ್ತದೆ, ದಾಟಬಹುದು ಅಂದಾಗ ಅದು ಬೆರಳ ತುದಿಯಲ್ಲಿ ತಿರುಗುತ್ತದೆ. ಕಿವಿಯೂ ಕಣ್ಣೂ ಎರಡೂ ಇಲ್ಲದವರಿಗೆ ಅದೇ ಸಿಗ್ನಲ್.

ಸಭೆಯಲ್ಲಿ ಯಾರಾದರೂ ಎದ್ದು, "ಈ ರಸ್ತೆಯಲ್ಲಿ ಅಂಗವಿಕಲರು ಓಡಾಡೋದೇ ಇಲ್ಲ, ಇಷ್ಟೆಲ್ಲ ಯಾಕೆ" ಅನ್ನುತ್ತಾರೆ. ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಹಗ್ಗವೇ ಇಲ್ಲದ ಬಾವಿಯ ಪಕ್ಕ ನಿಂತು, ನೀರು ಸೇದೋಕೆ ಯಾರೂ ಬರೋದಿಲ್ಲ ಅಂದ ಹಾಗೆ ಅದು. ನೀವಿಬ್ಬರೂ ಎದುರಿಗೇ ಕೂತಿರುತ್ತೀರಲ್ಲ, ಉತ್ತರ ಕೊಡುವ ಕಷ್ಟವೂ ಬೇಡ. ಇನ್ನು ಕೆಲವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ನೋಡೋಣ ಅಂತ ಉತ್ಸಾಹ ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. ಅದರಿಂದ ಗೊತ್ತಾಗುವುದು ಈಗಷ್ಟೇ ಕಣ್ಣು ಕಟ್ಟಿಕೊಂಡವರ ಗಾಬರಿ, ಹತ್ತು ವರ್ಷ ಕೋಲು ಹಿಡಿದವರ ಜಾಣ್ಮೆಯಲ್ಲ. ನಿಮ್ಮ ಯಜಮಾನರನ್ನೇ ನಡೆಸಿ.

ಹಾಗೆ ನಡೆಸುವುದನ್ನು ಕಾಂಕ್ರೀಟ್ ಹಾಕುವ ಮೊದಲು ಮಾಡಿಸಿ, ಆಮೇಲಲ್ಲ. ಎತ್ತರಿಸಿದ ದಾಟುಜಾಗದ ಅಂಚನ್ನು ಸುಣ್ಣದಲ್ಲಿ ನೆಲದ ಮೇಲೆ ಪೂರ್ತಿ ಅಳತೆಗೆ ಬರೆಯಲಿ. 10 ಸೆಂ.ಮೀ. ಕಟ್ಟೆಗೆ ನಾಲ್ಕು ಬಿಡಿ ಕಲ್ಲು ಜೋಡಿಸಲಿ. ಒಂದು ಪ್ಲೈವುಡ್ ಹಲಗೆ 1ಕ್ಕೆ 12ರಲ್ಲಿ, ಇನ್ನೊಂದು 1ಕ್ಕೆ 8ರಲ್ಲಿ ಇಡಲಿ. ನೀವು ಎರಡನ್ನೂ ಹತ್ತಿ, ಇಂಜಿನಿಯರನ್ನೂ ಕೂರಿಸಿ ಹತ್ತಿಸಿ. ಹತ್ತಾರು ಸಭೆಯಲ್ಲಿ ಆಗದ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ, ನಾನು ನೋಡಿದ್ದೇನೆ. ಚುಕ್ಕಿ ಟೈಲ್ಸನ್ನು ಹಾಸಿ, ಅದರ ಮೇಲೆ ಯಜಮಾನರು ಬಂದು ನಿಲ್ಲುತ್ತಾರಾ, ಇಲ್ಲ ದಾಟಿ ಹೋಗುತ್ತಾರಾ ನೋಡಿ. ಐದು ಸಲ ಬೇರೆ ಬೇರೆ ಕಡೆಯಿಂದ ಬರಲಿ.

ಕೊನೆಗೆ ಉಳಿದದ್ದು ಎರಡು ಸಣ್ಣ ವಿಷಯ. ಒಂದು, ಕರಾರಿನಲ್ಲಿ ಒಂದು ಸಾಲು ಸೇರಿಸಲು ಹೇಳಿ: ಮುಂದೆ ಡಾಂಬರು ಹಾಕುವಾಗ ಹಳೆಯ ಪದರ ಕೆರೆದೇ ಹಾಕಬೇಕು. ಇಲ್ಲದಿದ್ದರೆ ಪ್ರತಿ ಸಲ ರಸ್ತೆ ನಾಲ್ಕೈದು ಸೆಂ.ಮೀ. ಏರುತ್ತದೆ. ಎರಡು ಸಲ ಹಾಕಿದರೆ ನಿಮ್ಮ 10 ಸೆಂ.ಮೀ. ಕಟ್ಟೆ ಮುಳುಗಿ ಹೋಗಿ, ಯಜಮಾನರು ಯಾವುದಕ್ಕೆ ಹೆದರಿದ್ದರೋ ಆ ಸಮತಟ್ಟು ರಸ್ತೆ ತಾನಾಗೇ ಬಂದಿರುತ್ತದೆ. ಇನ್ನೊಂದು, ಮಳೆನೀರಿನ ಜಾಲರಿಗಳು ಎಲ್ಲಿವೆ ಅಂತ ನೀವು ಬರೆದಿಲ್ಲ. ದಾಟುವ ಹಾದಿಯೊಳಗೆ ಒಂದಿದ್ದರೂ ಸರಿಸಲು ಹೇಳಿ. ಸರಿಸಲು ಆಗುವುದೇ ಇಲ್ಲ ಅಂದರೆ, ಅದರ ಸಂದಿ 13 ಮಿ.ಮೀ. ಮೀರದಿರಲಿ, ಕಂಬಿಗಳು ನೀವು ಹೋಗುವ ದಿಕ್ಕಿಗೆ ಅಡ್ಡವಾಗಿರಲಿ. ಉದ್ದುದ್ದ ಇದ್ದರೆ ನಿಮ್ಮ ಮುಂಚಕ್ರವೂ ಅವರ ಕೋಲಿನ ತುದಿಯೂ ಸಿಕ್ಕಿಕೊಳ್ಳುವುದು ಅದೇ ಸಂದಿಯಲ್ಲಿ.